ಬ್ಯಾಟರಿಗೂ ಮೊದಲು ಗೋಡೆ ನೋಡಿ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿ ಕೇಂದ್ರ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಅಂತ ಸುತ್ತಲ ಹಳ್ಳಿಯವರು ಬರುವ ಊರು. ಇಂಥ ಊರುಗಳಲ್ಲಿ ಈಗ ಅರ್ಧ ಕೆಲಸ ಒಂದು ಮೇಜು, ಒಂದು ಪ್ರಿಂಟರು, ಒಂದು ಲ್ಯಾಪ್‌ಟಾಪಿನ ಮೇಲೆ ನಿಂತಿದೆ. 2020-21ರ ಆನ್‌ಲೈನ್ ಪಾಠದ ಕಾಲದಲ್ಲಿ ಮಕ್ಕಳಿಗೆಂದು ಕೊಂಡ ಲ್ಯಾಪ್‌ಟಾಪುಗಳೂ ಮನೆಗಳಲ್ಲಿವೆ. ಅವು ಕೈಕೊಟ್ಟರೆ ಚೀಲಕ್ಕೆ ಹಾಕಿಕೊಂಡು ಕನಕಪುರದ ಬಸ್ಸು ಹತ್ತಬೇಕು. "ಚಾರ್ಜೇ ಆಗ್ತಿಲ್ಲ ನೋಡಣ್ಣ" ಎಂದರೆ, "ಬ್ಯಾಟ್ರಿ ಹೋಗೈತೆ, ಹೊಸದು ಹಾಕ್ಬೇಕು" ಎಂಬ ಉತ್ತರ ರೆಡಿ ಇರುತ್ತದೆ. ಎಷ್ಟೋ ಸಲ ಅದು ನಿಜವೇ. ಆದರೆ ಕಂಬದಿಂದ ಹೊರಟ ಕರೆಂಟು ಸಾಕೆಟ್ಟು, ಅಡಾಪ್ಟರು, ವೈರು, ಪಿನ್ನು, ಬೋರ್ಡು ಎಲ್ಲವನ್ನೂ ದಾಟಿ ಬ್ಯಾಟರಿಗೆ ಸೇರುವುದು ಕಟ್ಟಕಡೆಗೆ. ತಪ್ಪು ಹುಡುಕುವುದನ್ನೂ ಅದೇ ದಾರಿಯಲ್ಲಿ, ಅದೇ ಕ್ರಮದಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ.

ಮನೆಗೆ ಬರಬೇಕಾದ್ದು 230 ವೋಲ್ಟ್. ಲೈನಿನ ತುದಿಯಲ್ಲಿರುವ ತೋಟದ ಮನೆಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ಅಷ್ಟಿರುವುದಿಲ್ಲ. ತ್ರೀ ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಮೋಟರ್ ಎಬ್ಬಿಸುವವರು ಪಕ್ಕದಲ್ಲಿದ್ದರಂತೂ ಬಲ್ಬು ಕೆಂಪಗೆ ಮಿಣುಕುತ್ತದೆ. ವೋಲ್ಟೇಜ್ ಇಲ್ಲದ್ದಕ್ಕೇ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ ಎಂದು ಆಗ ಅನ್ನಿಸುವುದು ಸಹಜ. ಅಡಾಪ್ಟರಿನ ಬೆನ್ನ ಮೇಲಿನ ಸಣ್ಣಕ್ಷರ ಓದಿ ನೋಡಿ: ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿರುತ್ತದೆ. ಬಂದ ಎಸಿಯನ್ನು ಅದು ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ಹಾಯಿಸಿ 19 ಅಥವಾ 19.5 ವೋಲ್ಟಿಗೆ ಇಳಿಸುತ್ತದೆ. ವೋಲ್ಟೇಜು ಕುಸಿದರೆ ಕರೆಂಟು ಹೆಚ್ಚು ಎಳೆದುಕೊಂಡು ಸರಿದೂಗಿಸುತ್ತದೆ. ಹಾಗಾಗಿ ಬಲ್ಬು ಮಂಕಾದರೂ ಅಡಾಪ್ಟರು ದುಡಿಯುತ್ತಲೇ ಇರುತ್ತದೆ.

ಕಾಟ ಕೊಡುವುದು ಈ ಎಳೆತವೇ. ವೋಲ್ಟೇಜು ಅರ್ಧಕ್ಕಿಳಿದರೆ ಕರೆಂಟು ಸುಮಾರು ಎರಡು ಪಟ್ಟಾಗುತ್ತದೆ, ಸಡಿಲ ಸಾಕೆಟ್ಟಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಪ್ಲಗ್ಗಿನ ಪಿನ್ನು ಕಪ್ಪಗಾಗಿದೆಯೇ, ಸಾಕೆಟ್ಟಿನೊಳಗೆ ಚಿರ್ ಚಿರ್ ಸದ್ದಿದೆಯೇ ನೋಡಿ. ಇದ್ದರೆ ಬದಲಾಯಿಸಬೇಕಾದ್ದು ಆ ಸಾಕೆಟ್ಟು. ಕಡಿಮೆ ವೋಲ್ಟೇಜಿಗಿಂತ ಹೆಚ್ಚು ಭಯಪಡಬೇಕಾದ್ದು ಮಿತಿ ಮೀರಿದ ವೋಲ್ಟೇಜಿಗೆ. ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲ್ ತಂತಿ ಕಡಿದರೆ ಮನೆಯೊಳಕ್ಕೆ 400 ವೋಲ್ಟಿನ ಸನಿಹ ನುಗ್ಗಬಹುದು. ಗಾಳಿಮಳೆಯ ಮಾರನೇ ದಿನ ಚಾರ್ಜ್ ನಿಂತಿದ್ದರೆ ಮೊದಲ ಅನುಮಾನ ಅಡಾಪ್ಟರಿನ ಮೇಲಿರಲಿ.

ಹಳ್ಳಿಮನೆಗಳಲ್ಲಿ ಇನ್ನೊಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ಚಾರ್ಜಿಗೆ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಟಚ್‌ಪ್ಯಾಡಿನ ಬಾಣ ತನ್ನಷ್ಟಕ್ಕೇ ಕುಣಿಯುತ್ತದೆ, ಚಾರ್ಜರ್ ಕಿತ್ತರೆ ಎರಡೂ ಮಾಯ. ರಿಪೇರಿಗೆ ಒಯ್ದರೆ ಟಚ್‌ಪ್ಯಾಡನ್ನೇ ಬದಲಾಯಿಸುವ ಸಲಹೆ ಸಿಕ್ಕರೂ ಆಶ್ಚರ್ಯವಿಲ್ಲ. ಮೂಲ ಇರುವುದು ಅರ್ಥಿಂಗಿನಲ್ಲಿ. ಅಡಾಪ್ಟರಿನೊಳಗೆ ವಿದ್ಯುತ್ ಗದ್ದಲ ತಡೆಯಲು ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಮಿಲಿಆಂಪಿಗೂ ಕಡಿಮೆ ಕರೆಂಟು ಸೋರುತ್ತಿರುತ್ತದೆ. ಮೂರನೇ ಪಿನ್ನು ನೆಲಕ್ಕೆ ಸರಿಯಾಗಿ ಸೇರಿದ್ದರೆ ಸೋರಿದ್ದು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ಉಳಿದು, ಬೆರಳಿನ ಸ್ಪರ್ಶ ಅಳೆಯುವ ಟಚ್‌ಪ್ಯಾಡಿಗೆ ಗೊಂದಲ ಮಾಡುತ್ತದೆ. ಮೂರು ಪಿನ್ನನ್ನು ಎರಡು ಪಿನ್ನಿಗೆ ಇಳಿಸುವ ಹತ್ತು ರೂಪಾಯಿಯ ಕನ್ವರ್ಟರು ಮೊದಲ ಅಪರಾಧಿ. ಎರಡನೆಯದು ಮನೆ ಪಕ್ಕದ ಅರ್ಥ್ ಗುಂಡಿ. ಕಟ್ಟುವಾಗ ಇದ್ದಿಲು-ಉಪ್ಪು ತುಂಬಿ ಮುಚ್ಚಿದ್ದು, ಆಮೇಲೆ ತಿರುಗಿ ನೋಡಿದವರಿಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಮಣ್ಣು ಒಣಗಿ ಬಿರಿದಿರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಎರಡು ಬಿಂದಿಗೆ ನೀರು ಹುಯ್ಯುವುದು ಹಳಬರ ಪದ್ಧತಿ. ವಿಜ್ಞಾನದ ಲೆಕ್ಕದಲ್ಲೂ ಸರಿ, ಒದ್ದೆ ಮಣ್ಣು ಕರೆಂಟನ್ನು ಸಲೀಸಾಗಿ ಹರಿಯಗೊಡುತ್ತದೆ. ಜುಮ್ಮೆನ್ನುವುದು ಮೀರಿ ಶಾಕ್ ಹೊಡೆದರೆ ಅದು ಬೇರೆ ವಿಷಯ, ವೈರಿಂಗ್ ಬಲ್ಲವರನ್ನು ಕರೆಸಲೇಬೇಕು.

ಗೋಡೆ ಮುಗಿಯಿತು, ಈಗ ಅಡಾಪ್ಟರು. ದೀಪವಿದ್ದರೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕ್ಷಣ ಅದು ಆರಿಹೋಗುತ್ತದೆಯೇ ಗಮನಿಸಿ. ಆರಿದರೆ ಶಾರ್ಟ್ ಆಗಿರುವುದು ಪಿನ್ನಿನಲ್ಲಿ ಅಥವಾ ಬೋರ್ಡಿನಲ್ಲಿ. ಸಿಕ್ಕಿಸದೆಯೂ ದೀಪ ಹತ್ತದಿದ್ದರೆ ಗೋಡೆಯಿಂದ ಬರುವ ವೈರನ್ನಷ್ಟೇ ಬದಲಿಸಿ ನೋಡಿ, ಅದು ಅಗ್ಗ. ಡೆಲ್, ಎಚ್‌ಪಿ ಕಂಪನಿಗಳ ದುಂಡು ಪಿನ್ನಿನ ಮಧ್ಯೆ ಸೂಜಿಯಂಥ ಒಂದು ಕಡ್ಡಿ ಕಾಣುತ್ತದೆ. ಅಡಾಪ್ಟರು ಎಷ್ಟು ವ್ಯಾಟಿನದು ಎಂಬುದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಆ ಕಡ್ಡಿಯಿಂದ. ಅದು ಬಾಗಿದರೆ ಅಥವಾ ಒಳಗಿನ ಎಳೆ ಕಡಿದರೆ ಲ್ಯಾಪ್‌ಟಾಪು ಕರೆಂಟಿನಲ್ಲಿ ಓಡುತ್ತದೆ, ಆದರೆ ಬ್ಯಾಟರಿ ತುಂಬುವುದಿಲ್ಲ. "ಬ್ಯಾಟ್ರಿ ಹೋಗೈತೆ" ಎಂಬ ತೀರ್ಪಿಗೆ ಇಷ್ಟು ಸಾಕು.

ಟೈಪ್-ಸಿ ಬಂದ ಮೇಲೆ ಗೊಂದಲ ಜಾಸ್ತಿಯಾಗಿದೆ. ಮೊಬೈಲಿನ 18 ವ್ಯಾಟಿನ ಚಾರ್ಜರು ಅದೇ ತೂತಿಗೆ ಕೂರುತ್ತದೆ. 65 ವ್ಯಾಟು ಬೇಡುವ ಲ್ಯಾಪ್‌ಟಾಪಿಗೆ ಅದು ಸಾಲದು. ಚಾರ್ಜಿಗೆ ಹಾಕಿದ್ದರೂ ಶೇಕಡಾವಾರು ಇಳಿಯುತ್ತಿದ್ದರೆ ಕಾರಣ ಬಹುಪಾಲು ಇದೇ. ಕೇಬಲ್ಲಿಗೂ ಮಿತಿಯುಂಟು: ಸಾದಾ ಕೇಬಲ್ಲು 3 ಆಂಪಿಯರ್ ಅಷ್ಟೇ ಹೊರುತ್ತದೆ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟು. ಅದಕ್ಕಿಂತ ಮೇಲಕ್ಕೆ ಹೋಗಬೇಕಾದರೆ ಒಳಗೆ ಗುರುತಿನ ಚಿಪ್ಪಿರುವ ಕೇಬಲ್ಲೇ ಬೇಕು. ಮಲ್ಟಿಮೀಟರ್ ಹಿಡಿದವರು ಇಲ್ಲಿ ಎಡವುವುದುಂಟು. ಟೈಪ್-ಸಿ ಚಾರ್ಜರಿನ ತುದಿ ಖಾಲಿಯಿದ್ದಾಗ ಸೊನ್ನೆ ವೋಲ್ಟು ತೋರಿಸುವುದು ಅದರ ಗುಣ. ಎದುರಿಗೊಂದು ಯಂತ್ರ ಸೇರಿದೆ ಎಂದು ಗೊತ್ತಾಗುವವರೆಗೆ ಅದು ವೋಲ್ಟೇಜು ಬಿಡುವುದೇ ಇಲ್ಲ. ಸೊನ್ನೆ ಕಂಡು ಸತ್ತಿದೆ ಎಂದುಬಿಟ್ಟರೆ ಒಳ್ಳೆಯ ಚಾರ್ಜರು ಗುಜರಿಗೆ ಹೋಗುತ್ತದೆ.

ಬೋರ್ಡಿನ ವಿಷಯದಲ್ಲಿ ನಾವು ಮಾಡಬಹುದಾದ್ದು ಕಡಿಮೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ಪು ಹೊಸದಾಗಿ ಲೆಕ್ಕ ಶುರುಮಾಡುತ್ತದೆ. ಸಿಕ್ಕಿಕೊಂಡ ಎಷ್ಟೋ ಕೇಸುಗಳು ಇಷ್ಟಕ್ಕೇ ಬಿಡಿಸಿಕೊಳ್ಳುತ್ತವೆ. ಇನ್ನು 60 ಅಥವಾ 80 ಪರ್ಸೆಂಟಿಗೆ ಚಾರ್ಜ್ ನಿಂತುಬಿಟ್ಟರೆ ಗಾಬರಿ ಬೇಡ, ಬ್ಯಾಟರಿಯ ಆಯಸ್ಸು ಕಾಯುವ ಸೆಟ್ಟಿಂಗ್ ಆನ್ ಆಗಿರುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗೆ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ 2019ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ಹೊರಬರುತ್ತವೆ. ಗ್ರಾಫೈಟಿನ ಮೇಲೆ ಮೊದಲ ದಿನವೇ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕಾದ ಪೊರೆಯೇ. ಆದರೆ ವರ್ಷಗಟ್ಟಲೆ ದಪ್ಪವಾಗುತ್ತಾ ಒಂದಿಷ್ಟು ಲಿಥಿಯಂ ಅನ್ನು ಶಾಶ್ವತವಾಗಿ ನುಂಗುತ್ತದೆ. ಬ್ಯಾಟರಿ ಮುದಿಯಾಗುವುದು ಮುಖ್ಯವಾಗಿ ಹೀಗೆ.

ಪೊರೆ ಬೆಳೆಯುವ ವೇಗ ಬಿಸಿಗೆ ತಕ್ಕಂತೆ ಏರುತ್ತದೆ. ಕನಕಪುರದ ಕಡೆಯ ರೇಷ್ಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಣ್ಣಾಗುವ ಮುಂಚಿನ ಹುಳಕ್ಕೆ 24-25 ಡಿಗ್ರಿ ಹಿತ. ಬೇಸಿಗೆಯಲ್ಲಿ ಹುಳಮನೆ ತಂಪಾಗಿಡಲು ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟುತ್ತಾರೆ. ಬ್ಯಾಟರಿಗೂ ಹೆಚ್ಚುಕಡಿಮೆ ಅದೇ ಹವೆ ಹಿತ. ಅದೇ ಮನೆಯಲ್ಲಿ ಲ್ಯಾಪ್‌ಟಾಪು ಮಾತ್ರ ಶೀಟಿನ ಸೂರಿನಡಿ, ಹಾಸಿಗೆಯ ಮೇಲೆ, ಗಾಳಿಕಿಂಡಿ ಮುಚ್ಚಿಕೊಂಡು, ಇಡೀ ದಿನ ನೂರು ಪರ್ಸೆಂಟ್ ಚಾರ್ಜಿನಲ್ಲಿ ಬೇಯುತ್ತಿರುತ್ತದೆ! ತುಂಬಿದ ಸೆಲ್ಲು 4.2 ವೋಲ್ಟಿನಲ್ಲಿರುತ್ತದೆ, ಆ ಒತ್ತಡದ ಜೊತೆ ಬಿಸಿಯೂ ಸೇರಿದರೆ ಆಯಸ್ಸು ಬೇಗ ಕರಗುತ್ತದೆ. ಮೇಲೆ ಹೇಳಿದ 80 ಪರ್ಸೆಂಟಿನ ಸೆಟ್ಟಿಂಗ್ ಹುಟ್ಟಿದ್ದೇ ಇದಕ್ಕಾಗಿ.

ನಿಮ್ಮ ಬ್ಯಾಟರಿ ಎಷ್ಟು ಮುದಿಯಾಗಿದೆ ಎಂಬುದಕ್ಕೆ ಅಂಗಡಿಯವರ ಮಾತೇ ಬೇಕಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್' ಎಂಬ ಇಂಗ್ಲಿಷ್ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಹೊಡೆದು, ಜಾಗ ಬಿಟ್ಟು, ಒಂದು ಓರೆಗೆರೆ ಹಾಕಿ 'ಬ್ಯಾಟರಿರಿಪೋರ್ಟ್' ಎಂದು ಕೂಡಿಸಿ ಬರೆದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಎರಡು ಸಂಖ್ಯೆ ನೋಡಿ: ಹೊಸದಿದ್ದಾಗಿನ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ. ಮೊದಲನೆಯದು 42,000, ಎರಡನೆಯದು 36,000 ಇದ್ದರೆ ಬ್ಯಾಟರಿ ಗಟ್ಟಿಯಿದೆ, ತಪ್ಪು ಬೇರೆಡೆ ಹುಡುಕಿ. ಎರಡನೆಯದು 20,000ಕ್ಕೆ ಇಳಿದಿದ್ದರೆ ಅಂಗಡಿಯವರು ಹೇಳಿದ್ದು ನಿಜ.

ಆನ್‌ಲೈನ್ ಪಾಠ ಮುಗಿದ ಮೇಲೆ ಬೀರುವಿನಲ್ಲಿಟ್ಟು ಮರೆತವುಗಳ ಕತೆ ಬೇರೆ. ಸೊನ್ನೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಸೆಲ್ಲಿನ ವೋಲ್ಟೇಜು ಕೆಳಮಿತಿಗಿಂತ ಇಳಿದು, ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಸೆಲ್ಲಿಗೆ ಕರೆಂಟು ಕೊಟ್ಟರೆ ಅಪಾಯವೆಂದು ರಕ್ಷಣಾ ಚಿಪ್ಪು ಚಾರ್ಜಿಂಗನ್ನೇ ನಿರಾಕರಿಸುತ್ತದೆ. ಚಿಪ್ಪನ್ನು ತಪ್ಪಿಸಿ ನೇರ ತಂತಿ ಮುಟ್ಟಿಸಿ ಎಬ್ಬಿಸುವ ಪರಿಣತರಿದ್ದಾರೆ, ದಯವಿಟ್ಟು ಅವರ ಕೈಗೆ ಕೊಡಬೇಡಿ. ತೆಗೆದಿಡುವುದೇ ಆದರೆ ಅರ್ಧ ತುಂಬಿಸಿ ಇಡಿ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಬ್ಯಾಟರಿ ಅನಿಲ ತುಂಬಿ ಉಬ್ಬಿದೆ ಎಂದರ್ಥ. ಆಗ ಯಾವ ಪರೀಕ್ಷೆಯೂ ಬೇಡ, ಚಾರ್ಜ್ ಕೂಡದು, ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಕೂಡದು, ಬೆಂಕಿ ಹತ್ತುತ್ತದೆ. ಹೊಸದನ್ನು ಕನಕಪುರದಲ್ಲಿ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ಪಾರ್ಟ್ ನಂಬರು ಮತ್ತು ವೋಲ್ಟೇಜು ಹಳೆಯದರ ಜೊತೆ ತಾಳೆಯಾಗಬೇಕು, ಮೇಲೆ ಐಎಸ್ 16046 ಗುರುತಿರಬೇಕು. ಹಳೆಯದನ್ನು ಗುಜರಿಯವರ ತಕ್ಕಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ತುದಿಗಳಿಗೆ ಇನ್ಸುಲೇಶನ್ ಟೇಪು ಸುತ್ತಿ, ಹೊಸದು ಕೊಂಡ ಅಂಗಡಿಯಲ್ಲೇ ವಾಪಸ್ ತೆಗೆದುಕೊಳ್ಳಲು ಕೇಳಿ.