ಕಪ್ಪು ಒಂದರ ಶ್ರುತಿ

ಅಡಿಕೆ ಕೊಯ್ಲಿನ ಕಾಲದಲ್ಲಿ ತ್ಯಾವಣಿಗೆಗೆ ಸದ್ದಿಲ್ಲದ ಹೊತ್ತೇ ಇಲ್ಲ. ಸುಲಿಯುವ ಯಂತ್ರ ಒಂದೇ ಸಮನೆ ಗರಗರ ಅನ್ನುತ್ತದೆ. ಹಂಡೆಯಲ್ಲಿ ಚೊಗರು ಕೊತಕೊತ ಕುದಿಯುತ್ತದೆ. ಗೊನೆ ಹೇರಿಕೊಂಡ ಟ್ರ್ಯಾಕ್ಟರು ತಿರುವಿನಲ್ಲಿ ಹಾರ್ನ್ ಹೊಡೆಯುತ್ತದೆ. ರಾತ್ರಿಯಾದರೆ ಗುಡಿಯ ಕಡೆಯಿಂದ ಭಜನೆಯ ತಾಳ. ಇಂಥ ಊರಿನವರನ್ನು ಒಯ್ದು ದಾವಣಗೆರೆಯ ಐಸಿಯುನಲ್ಲಿ ಮಲಗಿಸಿದರೆ ಕಿವಿಗೆ ಬೀಳುವುದು ಒಂದೇ: ಟುಂಯ್, ಟುಂಯ್.

ಆ ಟುಂಯ್ ರೋಗಿಯ ಮೈಯದೇ ದನಿ. ಬೆರಳಿಗೆ ಕಚ್ಚಿಸಿದ ಕ್ಲಿಪ್ಪು ಚರ್ಮದೊಳಕ್ಕೆ ಎರಡು ಬೆಳಕು ಬಿಡುತ್ತದೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ತುಂಬಿದ ರಕ್ತ ಅವಗೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಡಿಮೆಯಾದ ರಕ್ತ ಕೆಂಪನ್ನು. ಈ ವ್ಯತ್ಯಾಸದಿಂದ ಲೆಕ್ಕ ತೆಗೆಯುವ ದಾರಿಯನ್ನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1974ರಲ್ಲಿ ತೋರಿಸಿಕೊಟ್ಟರು. ಮುಂದೆ ಬಂದ ಯಂತ್ರಗಳಲ್ಲಿ ಪ್ರತಿ ಬಡಿತಕ್ಕೂ ಒಂದು ಸ್ವರ ಸೇರಿತು. ಆಮ್ಲಜನಕ ಇಳಿದರೆ ಸ್ವರವೂ ಇಳಿಯುತ್ತದೆ. ಅರಿವಳಿಕೆ ಕೊಡುವ ವೈದ್ಯರು ಪರದೆಗೆ ಬೆನ್ನು ಮಾಡಿ ನಿಂತಿದ್ದರೂ ಕಿವಿಯಲ್ಲೇ ಅಪಾಯ ಹಿಡಿಯುತ್ತಾರೆ. ಸೊಗಸಾದ ಏರ್ಪಾಡು, ಆದರೆ ಮಾಡಿದ್ದು ವೈದ್ಯರ ಕಿವಿಗೆ. ಮಂಚದ ಮೇಲಿರುವವನಿಗೆ ಅದರಿಂದ ದಿಗಿಲೇ ಹೆಚ್ಚು.

ನಮ್ಮ ದೊಡ್ಡಪ್ಪ ಎದೆನೋವಿನಿಂದ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೂ ಆ ಸದ್ದು ಕನಸಿನಲ್ಲಿ ಬರುತ್ತಿತ್ತಂತೆ. ನಿದ್ದೆ ಹಾರಿಹೋಗಿತ್ತು. ಎಂಜಿನಿಯರಿಂಗ್ ಓದುವ ಮೊಮ್ಮಗ ಇದಕ್ಕೊಂದು ಉಪಾಯ ಹೂಡಿದ. ಬೆರಳಿಗೆ ಅಂಥದೇ ಪುಟ್ಟ ಸೆನ್ಸರು, ಮಡಿಲಲ್ಲಿ ಲ್ಯಾಪ್‌ಟಾಪು. ನಾಡಿ ನೋಡಿಕೊಂಡು ಕಂಪ್ಯೂಟರೇ ತಂಬೂರಿಯ ನಾದ ಹುಟ್ಟಿಸಬೇಕು, ಮೇಲೊಂದು ಮೆಲ್ಲನೆಯ ತಾಳ. ನಾಡಿ ನಿಮಿಷಕ್ಕೆ 90 ಇದ್ದರೆ ತಾಳವೂ 90ರಿಂದ ಶುರು. ಆಮೇಲೆ ಗೊತ್ತಾಗದ ಹಾಗೆ 85, 80. ರೋಗಿ ಎಲ್ಲಿದ್ದಾನೋ ಅಲ್ಲಿಂದಲೇ ಹೊರಡಬೇಕೆಂಬುದು ಸಂಗೀತ ಚಿಕಿತ್ಸಕರ ಹಳೆಯ ಪಾಠ.

ಮೊದಲ ಸಂಜೆ ಏನೂ ಸರಿಹೋಗಲಿಲ್ಲ. ಬೆರಳು ತಣ್ಣಗಿತ್ತು, ಸೆನ್ಸರಿಗೆ ನಾಡಿಯೇ ಸಿಗಲಿಲ್ಲ. ದೊಡ್ಡಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿದಳು. ನಾದ ಹೊರಟಿತು. ದೊಡ್ಡಪ್ಪ ಮುಖ ಹುಳ್ಳಗೆ ಮಾಡಿದರು.

“ಇದು ಹೆಣ್ಮಕ್ಕಳ ಶ್ರುತಿ ಕಣೋ. ಕಪ್ಪು ಒಂದಕ್ಕೆ ಇಳ್ಸು.”

“ಅಜ್ಜಾ, ಅದು ಎದೆಬಡಿತ ನೋಡ್ಕಂಡು ತಾನೇ ಆರಿಸ್ತೈತಿ.”

“ಅದಕ್ಕೇನು ಗೊತ್ತೈತಿ ನನ್ನ ದನಿ?”

ವರ್ಷಗಟ್ಟಲೆ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತವರು. ಅವರ ಮೈಗೆ ಒಂದು ಮನೆ ಗೊತ್ತು, ಕಪ್ಪು ಒಂದು. ಹುಡುಗ ಗೊಣಗುತ್ತಲೇ ಶ್ರುತಿಯನ್ನು ಅವರ ಕೈಗೆ ಬಿಟ್ಟ. ನನ್ನ ಪ್ರಕಾರ ಆ ಪ್ರೋಗ್ರಾಮಿನಲ್ಲಿ ಆದ ಅತಿ ದೊಡ್ಡ ತಿದ್ದುಪಡಿ ಅದೇ.

ಲಂಡನ್ನಿನ ಪಟ್ನಿಯಲ್ಲಿರುವ ನರರೋಗಿಗಳ ಆಸ್ಪತ್ರೆಯಲ್ಲಿ ಪ್ಲಿಮತ್ ವಿಶ್ವವಿದ್ಯಾಲಯದ ಎಡ್ವಾರ್ಡೊ ಮಿರಾಂಡಾ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ಕೈಕಾಲು ಆಡದವರ ತಲೆಗೆ ಮಿದುಳಿನ ಅಲೆ ಹಿಡಿಯುವ ಟೋಪಿ. ಪರದೆಯ ಮೇಲೆ ಮಿನುಗುವ ಗುರುತುಗಳಲ್ಲಿ ಒಂದನ್ನು ದಿಟ್ಟಿಸಿದರೆ ಅದಕ್ಕೆ ಹೊಂದಿಸಿದ ಸ್ವರಪಂಕ್ತಿ ಎದುರಿಗಿರುವ ವಾದಕರಿಗೆ ಕಾಣುತ್ತದೆ, ಅವರು ನುಡಿಸುತ್ತಾರೆ. ಹಾಗೆ ಆರಿಸಿಕೊಟ್ಟವರಲ್ಲಿ ಒಬ್ಬರು ಅಪಘಾತಕ್ಕೆ ಮುಂಚೆ ತಾವೇ ಪಿಟೀಲು ಹಿಡಿದಿದ್ದವರು. ನಮ್ಮ ನಿಮ್ಹಾನ್ಸ್‌ನಲ್ಲೂ ಶಾಂತಲಾ ಹೆಗಡೆಯವರ ಸಂಗೀತ ಪ್ರಯೋಗಾಲಯವಿದೆ. ಮಿದುಳಿಗೆ ಪೆಟ್ಟು ಬಿದ್ದವರ ಚೇತರಿಕೆಗೆ ಸಂಗೀತ ಎಷ್ಟು ಒದಗೀತು ಎಂಬುದು ಅಲ್ಲಿನ ಹುಡುಕಾಟದಲ್ಲಿ ಒಂದು.

ಇಷ್ಟಾಗಿಯೂ ಹೃದಯ ತಾಳ ಕೇಳಿದ ಕೂಡಲೇ ಬಗ್ಗುವುದಿಲ್ಲ. ಬಗ್ಗುವುದು ಉಸಿರು. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ತಂಡ 2001ರಲ್ಲಿ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಒಂದು ಮಂತ್ರವನ್ನೂ ಹೇಳಿಸಿ ನೋಡಿತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಹೃದಯದ ಏರಿಳಿತ ಅದರ ಜೊತೆಗೂಡಿತು. ಭಜನೆಯ ಉದ್ದನೆಯ ಸಾಲನ್ನು ಒಂದೇ ಉಸಿರಿನಲ್ಲಿ ಎಳೆಯುವ ದೊಡ್ಡಪ್ಪನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಾದದ ಜೊತೆ ಗುನುಗತೊಡಗಿದರು. ಪರದೆಯ ಮೇಲಿನ ಗೆರೆ ಅಗಲಗಲವಾಗಿ ಏರಿಳಿಯಿತು. ಹುಡುಗ ಫೋಟೊ ತೆಗೆದುಕೊಂಡ.

ಅದೇ ಬೆರ್ನಾರ್ಡಿ 2006ರಲ್ಲಿ ಇನ್ನೊಂದು ತಮಾಷೆ ಕಂಡರು. ಹಲವು ಬಗೆಯ ಸಂಗೀತ ಕೇಳಿಸಿ, ಅದರಲ್ಲಿ ಒಂದು ಭಾರತೀಯ ರಾಗವೂ ಇತ್ತು, ನಡುವೆ 2 ನಿಮಿಷ ಸುಮ್ಮನೆ ಬಿಟ್ಟರೆ ಮೈ ಹೆಚ್ಚು ಸಡಿಲಗೊಂಡದ್ದು ಆ ಬಿಡುವಿನಲ್ಲಿ. ಮೊಮ್ಮಗ ಅದನ್ನು ಓದಿಕೊಂಡು ಬಂದು ತನ್ನ ಪ್ರೋಗ್ರಾಮಿನಲ್ಲೂ ಬಿಡುವು ಸೇರಿಸಿದ. ನಾದ ಗಕ್ಕನೆ ನಿಂತಿತು. ದೊಡ್ಡಪ್ಪ ಕಣ್ಣು ಬಿಟ್ಟರು.

“ಯಾಕೋ, ಕರೆಂಟ್ ಹೋತಾ?”