ಸಂಗಮದಿಂದ ಸನ್ನತಿಗೆ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಬಾಗಿ ಚಂದ್ರಭಾಗೆಯೆನಿಸಿಕೊಂಡು, ಸೊಲ್ಲಾಪುರದ ಸೀಮೆಯನ್ನು ಹಿಂದಿಕ್ಕಿ ಅಫಜಲಪುರದ ಎರೆನೆಲವನ್ನು ಪ್ರವೇಶಿಸುವ ಭೀಮಾನದಿಯು, ಆಳಂದದ ಕಡೆಯಿಂದ ಹರಿದುಬರುವ ಅಮರಜೆಯನ್ನು ಗಾಣಗಾಪುರದ ಸಮೀಪದಲ್ಲಿ ಕೂಡಿಕೊಳ್ಳುತ್ತದೆ. ಹದಿನೈದನೆಯ ಶತಮಾನದಲ್ಲಿ ಶ್ರೀ ನರಸಿಂಹ ಸರಸ್ವತೀ ಯತಿಗಳು ಬಹುಕಾಲ ವಾಸಿಸಿದ್ದ ಈ ಕ್ಷೇತ್ರಕ್ಕೆ ಕನ್ನಡ, ಮರಾಠಿ, ತೆಲುಗು ನಾಡುಗಳ ಭಕ್ತರು ಗುರುವಾರ ಗುರುವಾರಕ್ಕೂ, ಮಾರ್ಗಶಿರ ಹುಣ್ಣಿಮೆಯ ದತ್ತಜಯಂತಿಗೆ ಸಹಸ್ರಸಹಸ್ರವಾಗಿಯೂ ಬರುತ್ತಾರೆ. ಸಂಗಮದಲ್ಲಿ ಮಿಂದು, ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಬಂದು, ಗುರುಚರಿತ್ರೆಯ ಪಾರಾಯಣವನ್ನು ನೇಮದಿಂದ ಮುಗಿಸಿ, ಮಧ್ಯಾಹ್ನದಲ್ಲಿ ಮಧುಕರಿ ಬೇಡಿ ಉಂಡು, ನಿರ್ಗುಣ ಪಾದುಕೆಗಳ ದರ್ಶನ ಪಡೆದು, ಪಲ್ಲಕ್ಕಿ ಸೇವೆಯನ್ನು ಕಂಡು, ಧನ್ಯರಾದೆವೆಂದು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ರೈಲು ಹತ್ತುತ್ತಾರೆ. ಅವರ ಯಾತ್ರೆಯು ಅಲ್ಲಿಗೆ ಪೂರೈಸುತ್ತದೆ. ನದಿಯ ಯಾತ್ರೆಯಾದರೋ ಅಲ್ಲಿಗೆ ಪೂರೈಸುವುದಿಲ್ಲ.

ಗಾಣಗಾಪುರದಿಂದ ಕೆಳಗೆ ಭೀಮೆಯು ಜೇವರ್ಗಿಯ ಮಗ್ಗುಲಲ್ಲಿ ಹರಿದು, ಬಹಮನಿ ಸುಲ್ತಾನ ಫಿರೋಜ್ ಶಹನು ಸುಮಾರು 1400ರಲ್ಲಿ ಎಡದಂಡೆಯ ಮೇಲೆ ಕಟ್ಟಿಸಿದ ಫಿರೋಜಾಬಾದೆಂಬ ಅರಮನೆಪಟ್ಟಣದ ಹಾಳುಗೋಡೆಗಳನ್ನು ಸುತ್ತಿ, ಮುಂದೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೂ ಅದರ ನೆರೆಯ ಕನಗನಹಳ್ಳಿಗೂ ಬರುತ್ತದೆ. ಇಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಇದೇ ಹೊಳೆಯ ದಂಡೆಯ ಮೇಲೆ ಒಂದು ಮಹಾಸ್ತೂಪವನ್ನು ನಿರ್ಮಿಸಿದ್ದರು. ಅದೂ ಯಾತ್ರೆಯ ಸ್ಥಳವೇ ಆಗಿತ್ತು. ಅಲ್ಲಿಯೂ ದೂರದ ಊರುಗಳವರು ಬಂದು ಪ್ರದಕ್ಷಿಣೆ ಹಾಕಿ, ಕಾಣಿಕೆಯಿತ್ತು, ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿ ಹೋಗುತ್ತಿದ್ದರು. ಜಗತ್ತಿನ ಸಂರಕ್ಷಿತ ಪರಂಪರೆಯ ತಾಣಗಳನ್ನು ನೋಡಬೇಕೆಂಬ ಹಂಬಲವು ನಮ್ಮವರಲ್ಲಿ ದಿನೇ ದಿನೇ ಬೆಳೆಯುತ್ತಿರುವ ಈ ಕಾಲದಲ್ಲಿ, ಗಾಣಗಾಪುರದ ಯಾತ್ರಿಕನು ಅದೇ ನೀರಿನ ಕೆಳಹರಿವಿನಲ್ಲಿರುವ ಈ ತಾಣವನ್ನು ನೋಡದೆ ಹಿಂತಿರುಗುವುದು ಬಹು ದೊಡ್ಡ ನಷ್ಟವೆಂದು ನಾನು ಬಗೆಯುತ್ತೇನೆ. ಆ ತಾಣವು ಹೇಗೆ ಮರೆಯಾಯಿತು, ಹೇಗೆ ಮರಳಿ ಬೆಳಕಿಗೆ ಬಂದಿತು, ಹೇಗೆ ಸಂರಕ್ಷಿತವೆನಿಸಿತು ಎಂಬ ಕಥೆಯನ್ನು ಬಲ್ಲವರು ಕಲಬುರಗಿ ಜಿಲ್ಲೆಯಲ್ಲಿಯೇ ವಿರಳ.

ಸನ್ನತಿಯೆಂದರೆ ಈ ಭಾಗದ ಜನಕ್ಕೆ ಮೊದಲು ನೆನಪಾಗುವವಳು ಚಂದ್ರಲಾ ಪರಮೇಶ್ವರಿ. ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ಹಿಂಗುಲಾಂಬಿಕೆಯೇ ಇಲ್ಲಿಗೆ ಬಂದು ನೆಲೆಸಿ, ಭ್ರಮರಗಳ ರೂಪದಿಂದ ದುಷ್ಟನಾದ ಸೇತುರಾಜನನ್ನು ಸಂಹರಿಸಿದಳೆಂಬ ಸ್ಥಳಪುರಾಣವು ಇಂದಿಗೂ ಅಲ್ಲಿಯ ಹಿರಿಯರ ನಾಲಗೆಯ ಮೇಲಿದೆ. ಮದುವೆ ಮುಂಜಿಗಳ ತರುವಾಯ ದೇವಿಯ ದರ್ಶನಕ್ಕೆ ಬರುತ್ತಿದ್ದ ಭಕ್ತರು ಶತಮಾನಗಳ ಕಾಲ ಆ ಊರಿನ ದಾರಿಯನ್ನು ಹುಲ್ಲು ಬೆಳೆಯದಂತೆ ಕಾಯ್ದುಕೊಂಡು ಬಂದರು. ಗುಡಿಯ ಸುತ್ತಣ ಹೊಲಗಳಲ್ಲಿ ಕೊರೆದ ಕಲ್ಲುಗಳೂ ಅಕ್ಷರವಿದ್ದ ಹಾಸುಗಲ್ಲುಗಳೂ ಬಿದ್ದಿದ್ದುವು. ಅವು ಏನೆಂದು ಕೇಳುವವರಿರಲಿಲ್ಲ. ಆಗ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1914ರಲ್ಲಿಯೇ ಗುಲಾಂ ಯಜ್ದಾನಿಯವರ ಮುಖಂಡತ್ವದಲ್ಲಿ ಅಲ್ಲಿ ಪುರಾತತ್ತ್ವ ಇಲಾಖೆಯು ಸ್ಥಾಪಿತವಾಗಿತ್ತಾದರೂ ಸನ್ನತಿಯ ಮಣ್ಣಿನೊಳಗಣ ರಹಸ್ಯವು ಹಾಗೆಯೇ ಉಳಿಯಿತು. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ, 1954ರ ಸುಮಾರಿಗೆ, ಕಪಟರಾಳ ಕೃಷ್ಣರಾಯರೆಂಬ ವಿದ್ವಾಂಸರು ಇಲ್ಲಿಯ ಬೌದ್ಧ ಅವಶೇಷಗಳನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಬಳಿಕ ಪಿ. ಬಿ. ದೇಸಾಯಿ, ಎಂ. ಶೇಷಾದ್ರಿ, ಎಂ. ಎಸ್. ನಾಗರಾಜರಾವ್ ಮೊದಲಾದ ಪಂಡಿತರ ದೃಷ್ಟಿಯು ಇತ್ತ ಹರಿಯಿತು. ದೊಡ್ಡ ಸಂಸ್ಥೆಯೊಂದರ ಕಾರ್ಯಯೋಜನೆಗಿಂತ ಮೊದಲು, ಕಲ್ಲನ್ನು ಕಂಡಲ್ಲಿ ನಿಂತು ಓದುವ ಒಬ್ಬ ಮನುಷ್ಯನ ವ್ಯಾಸಂಗವೇ ಈ ಕಾರ್ಯಕ್ಕೆ ನಾಂದಿಯಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಎಲ್ಲಕ್ಕಿಂತ ಆಶ್ಚರ್ಯಕರವಾದ ಘಟನೆಯು ನಡೆದದ್ದು 1980ರ ದಶಕದ ಉತ್ತರಾರ್ಧದಲ್ಲಿ. ಚಂದ್ರಲಾಂಬೆಯ ಆವರಣದೊಳಗಣ ಕಾಳಿಕಾದೇವಿಯ ಗುಡಿಯ ಛಾವಣಿಯು ಕುಸಿದುಬಿದ್ದಿತು. ಜೀರ್ಣವಾದ ಆ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲನ್ನು ಪರೀಕ್ಷಿಸಿದಾಗ, ಅದರ ಎರಡು ಮೈಗಳಲ್ಲಿಯೂ ಬ್ರಾಹ್ಮೀ ಲಿಪಿಯ ಸಾಲುಗಳು ಕಾಣಬಂದುವು. ಅದು ಅಶೋಕ ಚಕ್ರವರ್ತಿಯ ಶಾಸನ! ವಿಗ್ರಹವನ್ನು ನಿಲ್ಲಿಸುವ ಸಲುವಾಗಿ ಎಂದೋ ಒಬ್ಬ ಶಿಲ್ಪಿಯು ನಡುವೆ ಚೌಕನೆಯ ಗುಳಿಯನ್ನು ಕಡಿದಿದ್ದುದರಿಂದ ಕೆಲವು ಅಕ್ಷರಗಳು ನಷ್ಟವಾಗಿದ್ದುವು. ಉಳಿದುವು ಓದಲು ಬರುವಂತೆ ಇದ್ದುವು. ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು, ಇನ್ನೊಂದು ಮೈಯಲ್ಲಿ ಪ್ರತ್ಯೇಕ ಶಾಸನಗಳೆಂದು ಹೆಸರಾದ ಎರಡು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಕಲಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದುವಾದುದರಿಂದ, ಯುದ್ಧದಿಂದ ನೊಂದ ಕಲಿಂಗದ ಜನಕ್ಕಾಗಿಯೇ ಅವು ಹುಟ್ಟಿದುವೆಂದು ಪಂಡಿತರು ನಂಬಿದ್ದರು. ಪ್ರಜೆಗಳನ್ನು ಮಕ್ಕಳಂತೆ ಕಾಣಬೇಕು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ತಳ್ಳಬಾರದು ಎಂದು ಅಧಿಕಾರಿಗಳಿಗೆ ವಿಧಿಸುವ ಆ ರಾಜಾಜ್ಞೆಯು ಭೀಮಾತೀರದಲ್ಲಿಯೂ ಸಾರಲ್ಪಟ್ಟಿತ್ತೆಂದು ತಿಳಿದಾಗ ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಹನ್ನೆರಡನೆಯ ಶಾಸನದ ತಾತ್ಪರ್ಯವು ಈ ನಾಡಿಗೆ ಎಷ್ಟು ಒಪ್ಪುತ್ತದೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಎಲ್ಲ ಪಂಥಗಳನ್ನೂ ಅರಸನು ಗೌರವಿಸುತ್ತಾನೆ, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ಹಳಿಯುವವನು ತನ್ನದಕ್ಕೇ ಹಾನಿ ತರುತ್ತಾನೆ, ಆದುದರಿಂದ ಮಾತಿನಲ್ಲಿ ಸಂಯಮವಿರಲಿ, ಪರಸ್ಪರರ ಧರ್ಮವನ್ನು ಕಿವಿಗೊಟ್ಟು ಕೇಳಿರಿ ಎಂಬುದು ಅದರ ಸಾರ. ಗಾಣಗಾಪುರದ ದತ್ತಕ್ಷೇತ್ರ, ಆಳಂದದ ಲಾಡ್ಲೆ ಮಶಾಯಿಕರ ದರ್ಗಾ, ಕಲಬುರಗಿಯ ಶರಣಬಸವೇಶ್ವರರ ಗುಡಿ, ಬಂದೇ ನವಾಜರ ಸನ್ನಿಧಿ ಇವೆಲ್ಲವೂ ಒಂದೇ ಸೀಮೆಯಲ್ಲಿ ನೆಲೆಗೊಂಡಿರುವಲ್ಲಿ, ಇಂಥ ಶಾಸನವು ದೇವಿಯ ಪಾದದ ಬುಡದಲ್ಲಿಯೇ ಸುರಕ್ಷಿತವಾಗಿ ಉಳಿದುಬಂದುದು ನನ್ನ ಮನಸ್ಸನ್ನು ಬಹಳವಾಗಿ ಕಲಕಿದೆ. ಅರಿಯದೆಯಾದರೂ ಅದನ್ನು ಕಾಪಾಡಿದವರು ಆ ಗುಡಿಗೆ ನಡೆದುಕೊಂಡ ಭಕ್ತರು.

ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು ಅಗೆಯತೊಡಗಿದ್ದು ಅನಂತರದ ಮಾತು. 1994ರಿಂದ ಮೊದಲ್ಗೊಂಡು ಹಲವು ವರ್ಷಗಳ ಪರ್ಯಂತ ನಡೆದ ಉತ್ಖನನದಲ್ಲಿ, ಹೊಲದ ಮಣ್ಣಿನ ಕೆಳಗಿನಿಂದ ಒಂದು ಸಮಗ್ರ ಮಹಾಚೈತ್ಯವು ಮೇಲೆದ್ದು ಬಂದಿತು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೇತಿಯ’. ಮೌರ್ಯರ ಕಾಲದಲ್ಲಿ ಮೊದಲಾಗಿ, ಶಾತವಾಹನರ ಆಳಿಕೆಯಲ್ಲಿ ವೈಭವಕ್ಕೇರಿ, ಕ್ರಿಸ್ತಶಕ ಮೂರನೆಯ ಶತಮಾನದವರೆಗೂ ಪೂಜೆಗೊಂಡ ಈ ಸ್ತೂಪದ ಮೈಯನ್ನು ಆ ಪ್ರದೇಶದಲ್ಲಿಯೇ ಸಿಗುವ ಸುಣ್ಣಗಲ್ಲಿನ ಫಲಕಗಳಿಂದ ಹೊದಿಸಿದ್ದರು. ಶಹಾಬಾದಿನ ಫರಸಿಯೆಂದು ನಾವು ಮನೆಗಳ ನೆಲಕ್ಕೆ ಹಾಸಿಕೊಳ್ಳುವ ಕಲ್ಲಿನ ಬಳಗಕ್ಕೆ ಸೇರಿದ ಆ ಶಿಲೆಯಲ್ಲಿ ಜಾತಕಕಥೆಗಳು, ಬುದ್ಧನ ಜೀವನದ ಪ್ರಸಂಗಗಳು, ಬೋಧಿವೃಕ್ಷ, ಧರ್ಮಚಕ್ರ, ಪಾದಚಿಹ್ನೆಗಳು ಸೂಕ್ಷ್ಮವಾದ ರೇಖೆಗಳಲ್ಲಿ ಮೂಡಿವೆ. ಶಾತವಾಹನ ಅರಸರ ಮೂರ್ತಿಗಳು ಹೆಸರುಸಹಿತವಾಗಿ ಇವೆ. ಸಿಮುಕನಿದ್ದಾನೆ, ಶಾತಕರ್ಣಿಯಿದ್ದಾನೆ, ಉಜ್ಜಯಿನಿಯನ್ನು ಬಿಟ್ಟುಕೊಡುತ್ತಿರುವ ಪುಳುಮಾವಿಯಿದ್ದಾನೆ. ಗೃಹಸ್ಥರೂ ವರ್ತಕರೂ ಭಿಕ್ಷುಭಿಕ್ಷುಣಿಯರೂ ಕೊಟ್ಟ ದಾನಗಳ ಲೇಖಗಳು ನೂರಾರು.

ಇವೆಲ್ಲಕ್ಕೂ ಶಿಖರಪ್ರಾಯವಾದದ್ದು ಛತ್ರಚಾಮರಧಾರಿಣಿಯರ ನಡುವೆ ರಾಣಿಯೊಡನೆ ನಿಂತಿರುವ ಒಬ್ಬ ರಾಜನ ಫಲಕ. ಅದರ ಮೇಲೆ ಬ್ರಾಹ್ಮಿಯಲ್ಲಿ ಬರೆದಿರುವುದು ‘ರಾಯ ಅಸೋಕೋ’ ಎಂದು. ಸಾಂಚಿಯ ತೋರಣಗಳಲ್ಲಿ ಅಶೋಕನೆಂದು ವಿದ್ವಾಂಸರು ಊಹಿಸುವ ಚಿತ್ರಗಳುಂಟು. ಆದರೆ ಹೆಸರು ಕೆತ್ತಿರುವ ಪ್ರತಿಮೆಯು ಇಲ್ಲಿ ದೊರೆಯುವವರೆಗೆ ಬೇರೆಲ್ಲಿಯೂ ದೊರೆತಿರಲಿಲ್ಲ. ‘ದೇವಾನಾಂಪ್ರಿಯ’ನೆಂದು ಮಾತ್ರ ತನ್ನನ್ನು ಕರೆದುಕೊಳ್ಳುತ್ತಿದ್ದ ಶಾಸನಕರ್ತನು ಅಶೋಕನೇ ಎಂಬುದನ್ನು ಕಲ್ಲಿನ ಸಾಕ್ಷಿಯಿಂದ ಮೊದಲು ಖಚಿತಪಡಿಸಿದ್ದು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರನೊಬ್ಬನು ಕಂಡ ಶಾಸನವೆಂಬುದನ್ನು ನೆನೆದರೆ, ಆ ಚಕ್ರವರ್ತಿಯ ಹೆಸರನ್ನೂ ರೂಪವನ್ನೂ ಕಾಯ್ದಿರಿಸಿ ಭರತಖಂಡಕ್ಕೆ ಮರಳಿ ಕೊಟ್ಟದ್ದು ಕನ್ನಡ ನೆಲವೇ ಎಂಬ ಹೆಮ್ಮೆಯು ಸಹಜವಾಗಿಯೇ ಉಕ್ಕುತ್ತದೆ.

ಈ ಫಲಕಗಳು ಇಷ್ಟು ಅಖಂಡವಾಗಿ ಹೇಗೆ ಉಳಿದುವು? ಇದೇ ಶಿಲ್ಪಪರಂಪರೆಗೆ ಸೇರಿದ, ಕೃಷ್ಣೆಯ ದಡದ ಅಮರಾವತಿಯ ಗತಿಯನ್ನು ನೋಡಿದರೆ ಉತ್ತರವು ದೊರೆಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಜಮೀನುದಾರನು ಹೊಸ ಊರನ್ನು ಕಟ್ಟಿಸಲು ಸ್ತೂಪದ ಇಟ್ಟಿಗೆ ಕಲ್ಲುಗಳನ್ನು ತೆಗೆಸಿದನು. 1798ರಲ್ಲಿ ಅದನ್ನು ಕಂಡ ಕಾಲಿನ್ ಮೆಕೆಂಜಿಯು 1816ರಲ್ಲಿ ಮರಳಿ ಬರುವಷ್ಟರಲ್ಲಿ ಬಹುಭಾಗವು ನಾಶವಾಗಿತ್ತು. ಸುಣ್ಣಕ್ಕಾಗಿ ಸುಟ್ಟುಹೋದ ಶಿಲ್ಪಗಳೆಷ್ಟೋ. ಉಳಿದವುಗಳಲ್ಲಿ ಅನೇಕವು ಚೆನ್ನೈಯ ಸಂಗ್ರಹಾಲಯದಲ್ಲಿವೆ, ಅನೇಕವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕನಗನಹಳ್ಳಿಯ ಸ್ತೂಪವಾದರೋ ಕುಸಿದುಬಿದ್ದು, ಬಿದ್ದ ಕಲ್ಲುಗಳ ಮೇಲೆ ಮಣ್ಣು ಮುಚ್ಚಿ, ಬೀಜವನ್ನು ಹಗೇವಿನಲ್ಲಿ ಇಳಿಸಿಟ್ಟಂತೆ ನೆಲದೊಳಗೆ ಭದ್ರವಾಗಿತ್ತು. ಅದನ್ನು ಅಗೆಯುವ ಹೊತ್ತಿಗೆ ದೇಶದಲ್ಲಿ ಕಾನೂನು ಹುಟ್ಟಿತ್ತು, ಅಗೆಯುವ ಶಾಸ್ತ್ರವು ಬೆಳೆದಿತ್ತು. ತಡವಾಗಿ ದೊರೆತುದೇ ಅದರ ಭಾಗ್ಯ.

ಆ ಕಾನೂನಿಗೂ ಒಂದು ಚರಿತ್ರೆಯುಂಟು. 1904ರಲ್ಲಿ ಲಾರ್ಡ್ ಕರ್ಜನ್ನನ ಕಾಲದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಅಧಿನಿಯಮವು ಬಂದಿತು. ಸ್ವತಂತ್ರ ಭಾರತವು 1958ರಲ್ಲಿ ತನ್ನದೇ ಅಧಿನಿಯಮವನ್ನು ಮಾಡಿಕೊಂಡಿತು. 2010ರ ತಿದ್ದುಪಡಿಯಿಂದ ಸಂರಕ್ಷಿತ ಎಲ್ಲೆಯ ಸುತ್ತ 100 ಮೀಟರು ಕಟ್ಟಡಕ್ಕೆ ನಿಷಿದ್ಧವೂ ಅದರಾಚೆಗೆ ಇನ್ನೂ 200 ಮೀಟರು ನಿಯಂತ್ರಿತವೂ ಆದುವು. ಒಂದು ದೇಶದ ಸ್ಮಾರಕವು ಸಮಸ್ತ ಮಾನವಕುಲದ ಸ್ವತ್ತೆಂಬ ಭಾವವು ಬಲಿತದ್ದು ಈಜಿಪ್ಟಿನಲ್ಲಿ. ಆಸ್ವಾನಿನ ಅಣೆಕಟ್ಟೆಯಿಂದ ಮುಳುಗಲಿದ್ದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ಹಲವು ರಾಷ್ಟ್ರಗಳು ಸೇರಿ ತುಂಡುತುಂಡಾಗಿ ಕತ್ತರಿಸಿ ಎತ್ತರದ ನೆಲದಲ್ಲಿ ಮರಳಿ ಜೋಡಿಸಿದುವು. ಅದಕ್ಕಿಂತ ತುಸು ಮೊದಲೇ, 1954ರಿಂದ 1960ರವರೆಗೆ, ಕೃಷ್ಣೆಯ ಅಣೆಕಟ್ಟೆಯ ಹಿನ್ನೀರಿಗೆ ಸಿಲುಕಲಿದ್ದ ನಾಗಾರ್ಜುನಕೊಂಡವನ್ನು ನಮ್ಮವರೇ ಅಗೆದು ಅಲ್ಲಿಯ ಸ್ಮಾರಕಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿದ್ದರೆಂಬುದನ್ನು ಲೋಕವು ಅಷ್ಟಾಗಿ ಹೇಳುವುದಿಲ್ಲ, ನಾವು ಹೇಳಬೇಕು. 1972ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಪಟ್ಟಿಗೆ ಕರ್ನಾಟಕದಿಂದ 1986ರಲ್ಲಿ ಹಂಪೆ, 1987ರಲ್ಲಿ ಪಟ್ಟದಕಲ್ಲು, 2012ರಲ್ಲಿ ಪಶ್ಚಿಮಘಟ್ಟಗಳು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಸೇರಿದುವು. ಕಲಬುರಗಿಯ ಕೋಟೆಯೂ ಒಳಗೊಂಡ ದಕ್ಖನ್ನಿನ ಸುಲ್ತಾನರ ಸ್ಮಾರಕಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಏರಿದುವು. ಸನ್ನತಿಯು ವಿಶ್ವಪರಂಪರೆಯ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿದ ಸಾಂಚಿ, ಬೊರೊಬುದೂರುಗಳ ಪಕ್ಕದಲ್ಲಿ ನಿಲ್ಲುವ ಯೋಗ್ಯತೆಯು ಅದಕ್ಕಿದೆಯೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಉತ್ಖನನವು ಮುಗಿದ ತರುವಾಯದ ಎರಡು ದಶಕಗಳು ದುಃಖದವು. ಬಗೆದಿಟ್ಟ ಸ್ತೂಪವು ಬಿಸಿಲು ಮಳೆಗಳಿಗೆ ತೆರೆದು ಬಿದ್ದಿತ್ತು, ಫಲಕಗಳು ಬಹುಕಾಲ ನೆಲದ ಮೇಲೆಯೇ ಸಾಲಾಗಿ ಮಲಗಿದ್ದುವು. ಉತ್ಖನನದ ವಿಸ್ತಾರವಾದ ವರದಿಯು ಕೆ. ಪಿ. ಪೂಣಚ್ಚನವರಿಂದ ಸಿದ್ಧವಾಗಿ ಪ್ರಕಟವಾದ ಮೇಲೆ ದೇಶವಿದೇಶಗಳ ಪಂಡಿತರು ಲೇಖಗಳನ್ನು ಓದಿ ಗ್ರಂಥ ಬರೆದರು; ಸ್ಥಳದ ರಕ್ಷಣೆಯ ಕೆಲಸ ಮಾತ್ರ 2022ರಲ್ಲಿ ಹುರುಪಿನಿಂದ ಮೊದಲಾಯಿತು. ಮಣ್ಣಿನ ಕೆಳಗಿದ್ದಷ್ಟು ಕಾಲ ಕಲ್ಲನ್ನು ಮಣ್ಣು ಕಾಯುತ್ತದೆ, ಮೇಲೆ ಬಂದ ಮೇಲೆ ಮನುಷ್ಯನು ಕಾಯಬೇಕು. ಜನರು ಹೋಗಿ ಬರುತ್ತಿರುವ ಸ್ಥಳಕ್ಕೆ ದಾರಿ, ನೀರು, ನೆರಳು, ಕಾವಲು ತಾವಾಗಿ ಒದಗುತ್ತವೆ ಎಂಬುದಕ್ಕೆ ಗಾಣಗಾಪುರದ ಸಂಗಮವೇ ಪ್ರಮಾಣ. ಇಲಾಖೆಯ ಕಾವಲುಗಾರನಿಲ್ಲದೆ ಅಲ್ಲಿಯ ಔದುಂಬರವನ್ನು ಭಕ್ತರ ಬರವೇ ಕಾಯುತ್ತಿದೆ.

ಆದುದರಿಂದ ಗುರುವಾರದ ಪಲ್ಲಕ್ಕಿಯನ್ನು ಕಂಡವರು ಮರುದಿನ ಗಾಣಗಾಪುರ ರೋಡಿನಲ್ಲಿ ಊರಿನ ರೈಲನ್ನು ಹತ್ತುವ ಬದಲು ವಾಡಿಯ ಕಡೆಯ ರೈಲನ್ನು ಹತ್ತಲಿ. ಕಲಬುರಗಿ, ಶಹಾಬಾದ್, ವಾಡಿಗಳನ್ನು ದಾಟಿ ರಾಯಚೂರಿನ ಮಾರ್ಗದಲ್ಲಿ ಮುಂದುವರಿದರೆ ನಾಲವಾರ ನಿಲ್ದಾಣವು ಸಿಗುತ್ತದೆ. ಅಲ್ಲಿಂದ ಸನ್ನತಿಗೆ ರಸ್ತೆಯುಂಟು. ಬೇಸಗೆಯ ಬಿಸಿಲು ಈ ಸೀಮೆಯಲ್ಲಿ ಕಡುಕಠಿನವಾದುದರಿಂದ, ಜೋಳ ತೊಗರಿಗಳು ಹೊಲದಲ್ಲಿ ನಿಂತಿರುವ ಮಾರ್ಗಶಿರ ಪುಷ್ಯಗಳೇ ಪ್ರಶಸ್ತ. ಮೊದಲು ಚಂದ್ರಲಾ ಪರಮೇಶ್ವರಿಯ ದರ್ಶನ ಮಾಡಿ, ಬಳಿಕ ಕನಗನಹಳ್ಳಿಗೆ ಹೋಗಿ, ಸ್ತೂಪವನ್ನು ಎದುರಿನಿಂದ ಒಮ್ಮೆ ನೋಡಿ ಛಾಯಾಚಿತ್ರ ತೆಗೆದುಕೊಂಡು ಹೊರಡದೆ, ಶಿಲ್ಪಿಗಳು ಉದ್ದೇಶಿಸಿದ ಕ್ರಮದಲ್ಲಿ, ಬಲಕ್ಕೆ ಸ್ತೂಪವನ್ನು ಇಟ್ಟುಕೊಂಡು, ಪ್ರದಕ್ಷಿಣಪಥದಲ್ಲಿ ನಿಧಾನವಾಗಿ ನಡೆಯಬೇಕು. ಕೆತ್ತನೆಯ ಮೇಲೆ ಕೈಯಾಡಿಸಬಾರದು. ಬೆರಳಿನ ಬೆವರು ಸುಣ್ಣಗಲ್ಲಿಗೆ ಹಿತವಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರು, ಹೆಸರು ಕೆತ್ತಿದ ಅಶೋಕನ ಮೊದಲ ಚಿತ್ರವು ತಮ್ಮ ಭೀಮಾನದಿಯ ದಂಡೆಯಲ್ಲಿಯೇ ದೊರೆಯಿತೆಂದು ಅವರಿಗೆ ಹೇಳಲಿ. ಸಂಜೆಗೆ ಯಾದಗಿರಿಯ ಕಡೆಗಾಗಲಿ ಕಲಬುರಗಿಯ ಕಡೆಗಾಗಲಿ ಹಿಂತಿರುಗಲು ಸಮಯವು ಧಾರಾಳವಾಗಿ ಉಳಿಯುತ್ತದೆ.