ಗಿಣ್ಣದ ಹಾಲು ಮೊದಲು ಕರುವಿಗೆ

ಹರಿಹರದ ಕಡೆಯ ಭಕ್ತರೊಬ್ಬರು ಈಚೆಗೆ ದಾವಣಗೆರೆಯ ನಮ್ಮ ಚಿಕಿತ್ಸಾಲಯಕ್ಕೆ ಒಂದು ಡಬ್ಬಿ ಗಿಣ್ಣ ತಂದಿದ್ದರು. ಬೆಲ್ಲ, ಏಲಕ್ಕಿ ಹದವಾಗಿ ಬಿದ್ದಿದ್ದವು. ಸವಿದು, ಕರು ಹೇಗಿದೆಯೆಂದು ಕೇಳಿದೆವು. “ಕರು ಉಳೀಲಿಲ್ರೀ, ಭೇದಿ ಹತ್ತಿ ನಿನ್ನೆ ಹೋತು” ಎಂದರು. ಮಾಸು ಬೀಳುವವರೆಗೆ ಮೊಲೆಗೆ ಬಿಡಬಾರದೆಂಬ ಹಿರಿಯರ ಮಾತಿನಂತೆ ಅವರು ಅರ್ಧ ದಿನ ಕಾದಿದ್ದರು. ಅನಂತರ ಕರೆದ ಹಾಲಿನ ಹೆಚ್ಚಿನ ಪಾಲು ನೆರೆಹೊರೆಗೆ ಹಂಚಿಹೋಗಿತ್ತು. ನಾವು ಉಂಡದ್ದೂ ಆ ಕರುವಿನ ಪಾಲೇ.

ನಾವು ಪಶುವೈದ್ಯರಲ್ಲ. ಆದರೂ ಈ ವಿಷಯದಲ್ಲಿ ಮೌನವಾಗಿರುವುದು ಸರಿಯೆನಿಸಲಿಲ್ಲ. ಚರಕಸಂಹಿತೆಯು ದೇಹಬಲವನ್ನು ಸಹಜ, ಕಾಲಜ, ಯುಕ್ತಿಕೃತವೆಂದು ಮೂರು ಬಗೆಯಾಗಿ ಹೇಳುತ್ತದೆ. ರೋಗ ತಡೆಯುವ ಶಕ್ತಿಯ ಕೊರತೆಯಲ್ಲಿಯೂ ಹುಟ್ಟಿನಿಂದ ಬಂದದ್ದು, ಹುಟ್ಟಿದ ಮೇಲೆ ಒದಗಿದ್ದು ಎಂಬ ಭೇದವುಂಟು. ಕರುವಿಗಾದದ್ದು ಎರಡನೆಯದು.

ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಗರ್ಭದಲ್ಲಿಯೇ ಮಾಸನ್ನು ದಾಟಿ ಮಗುವನ್ನು ಸೇರುತ್ತವೆ. ಹಸು, ಎಮ್ಮೆ, ಆಡು, ಕುರಿಗಳ ಮಾಸಿನ ರಚನೆ ಬೇರೆ. ಅಲ್ಲಿ ಅವು ದಾಟಲಾರವು. ಆದ್ದರಿಂದ ಕರು ಬಹುಮಟ್ಟಿಗೆ ಬರಿಗೈಯಲ್ಲಿಯೇ ಭೂಮಿಗೆ ಬೀಳುತ್ತದೆ. ತಾಯಿ ಅದಕ್ಕಾಗಿ ಕೂಡಿಟ್ಟದ್ದೆಲ್ಲವೂ ಮೊದಲ ಹಾಲಿನಲ್ಲಿರುತ್ತದೆ. ಆ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆಗಂಟೆಗೂ ಕುಂದುತ್ತದೆ. ಸುಮಾರು 24 ಗಂಟೆಗಳಲ್ಲಿ ಆ ಬಾಗಿಲು ಮುಚ್ಚುತ್ತದೆ. ಮರುದಿನ ಎಷ್ಟು ಕುಡಿಸಿದರೂ ಅದು ಹೊಟ್ಟೆ ತುಂಬೀತೇ ಹೊರತು ರಕ್ತವನ್ನು ಸೇರದು.

ಆದಕಾರಣ ಹುಟ್ಟಿದ ಒಂದೆರಡು ಗಂಟೆಯೊಳಗೆ ಕರು ಹಾಲು ಕುಡಿಯಲೇಬೇಕು. ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಪಾಲು, ಅಂದರೆ 30 ಕಿಲೋ ತೂಗುವ ಕರುವಿಗೆ 3 ಲೀಟರಿನಷ್ಟು ಸಲ್ಲಬೇಕು. ಮಾಸಿಗಾಗಿ ಕಾಯುವ ಅಗತ್ಯವಿಲ್ಲ. ಕರು ಚೀಪಿದಾಗ ಗರ್ಭಾಶಯ ಸಂಕುಚಿಸುವುದರಿಂದ ಮಾಸು ಬೀಳಲು ಅದು ನೆರವೇ ಆಗುತ್ತದೆ. ತಾಯಿಗೆ ಹಾಲಿಲ್ಲದಿದ್ದರೆ ಆಗತಾನೆ ಈದ ಬೇರೊಂದು ಹಸುವಿನ ಗಿಣ್ಣದ ಹಾಲನ್ನು ಕೊಡಬಹುದು. ಕಾಯಿಸಿದರೆ ಪ್ರತಿಕಾಯಗಳು ನಾಶವಾಗುವುದರಿಂದ ಕುದಿಸಬಾರದು, ಉಗುರುಬೆಚ್ಚಗಿದ್ದರೆ ಸಾಕು. ಅಮೃತಬಳ್ಳಿಯ ಕಷಾಯ ಹಾಕಿದರೆ ಸಾಲದೇ ಎಂದು ನಮ್ಮನ್ನೇ ಕೇಳುವವರಿದ್ದಾರೆ. ಸಾಲದು. ಆಯುರ್ವೇದದ ಹೆಸರಿನಲ್ಲಿ ಕರುವಿನ ಹಾಲನ್ನು ತಪ್ಪಿಸಲು ನಾವು ಒಪ್ಪುವವರಲ್ಲ.

ಹುಟ್ಟಿನಿಂದಲೇ ಬರುವ ಕೊರತೆ ವಿರಳ. ಎಚ್.ಎಫ್. ತಳಿಯಲ್ಲಿ ಅಂಥದೊಂದು ಇದೆ: ಕರುವಿನ ಬಿಳಿ ರಕ್ತಕಣಗಳು ರಕ್ತದಲ್ಲಿ ಹೇರಳವಾಗಿದ್ದರೂ ನಾಳದ ಗೋಡೆಗೆ ಅಂಟಿ ಹೊರಬರಲಾರದೆ, ಗಾಯವಿರುವ ಕಡೆಗೆ ತಲುಪುವುದಿಲ್ಲ. ಒಸಡು ಹುಣ್ಣಾಗಿ, ಕೆಮ್ಮು ಭೇದಿಗಳು ಮರಳಿ ಮರಳಿ ಬಂದು, ಅಂಥ ಕರು ಸಾಮಾನ್ಯವಾಗಿ ಕೆಲವೇ ತಿಂಗಳು ಬದುಕುತ್ತದೆ. ಈ ದೋಷದ ಜಾಡು ಅಮೆರಿಕದ ಆಸ್‌ಬಾರ್ನ್‌ಡೇಲ್ ಐವನ್‌ಹೋ ಎಂಬ ಒಂದೇ ಹೋರಿಯವರೆಗೆ ಹೋಗುತ್ತದೆ. ಹೆಸರಾಂತ ಹೋರಿಯೆಂದು ಅದರ ಸಂತತಿಯ ವೀರ್ಯವನ್ನು ಲೋಕವೆಲ್ಲ ಬಳಸಿತು! ದೋಷವು ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಕರು ರೋಗಿಯಾಗುತ್ತದೆ. ಒಂದೇ ಕಡೆಯಿಂದ ಬಂದರೆ ಮೇಲ್ನೋಟಕ್ಕೆ ಏನೂ ಕಾಣದು. ದೋಷದ ಮೂಲವನ್ನು 1992ರಲ್ಲಿ ಗುರುತಿಸಿದ ಮೇಲೆ ಪರೀಕ್ಷೆ ಸಾಧ್ಯವಾಯಿತು. ನಮ್ಮ ದೇಶದ ವೀರ್ಯ ಕೇಂದ್ರಗಳಲ್ಲಿಯೂ ಎಚ್.ಎಫ್. ಹೋರಿಗಳಿಗೆ ಈ ಪರೀಕ್ಷೆ ನಡೆಯಬೇಕೆಂಬ ನಿಯಮವಿದೆ. ಗೊತ್ತಿಲ್ಲದ ಹೋರಿಗೆ ಹಸುವನ್ನು ಬಿಡುವವರು ಇದನ್ನು ನೆನಪಿಡಬೇಕು.

ನಮ್ಮ ದಾವಣಗೆರೆ ಸೀಮೆಗೆ ಇನ್ನೊಂದು ಮಾತು. ಇಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದ ಕಾಳು ಮಾರಾಟವಾಗದೆ ಕೊನೆಗೆ ಕೊಟ್ಟಿಗೆಗೋ ಕೋಳಿಗೋ ಸೇರುತ್ತದೆ. ಆ ಬೂಷ್ಟಿನಲ್ಲಿ ಹುಟ್ಟಬಲ್ಲ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತನ್ನು ಕೆಡಿಸಿ, ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಲಸಿಕೆ ಹಾಕಿಸಿದರೂ ಅದರ ಫಲ ಕಡಿಮೆಯಾಗಬಹುದು. ಅದರ ಅಂಶ ಹಾಲಿಗೂ ಇಳಿಯುತ್ತದೆ, ಆ ಹಾಲು ನಮ್ಮ ಮಕ್ಕಳ ಲೋಟಕ್ಕೆ ಬರುತ್ತದೆ. ತೊಳೆದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗದು. ಅಂಥ ಕಾಳನ್ನು ತಿಪ್ಪೆಗೆ ಹಾಕುವುದೇ ಲೇಸು.

ಆ ಭಕ್ತರ ಮನೆಯಲ್ಲಿ ಎಮ್ಮೆಯೊಂದು ಕಾರ್ತಿಕದಲ್ಲಿ ಈಯಲಿದೆ. ಕರು ಕುಡಿದು ಮಿಕ್ಕರೆ ಮಾತ್ರ, ಅದೂ ಎರಡನೆಯ ದಿನದ ಹಾಲಿನ ಗಿಣ್ಣವನ್ನು ತರಬೇಕೆಂದು ಹೇಳಿ ಕಳುಹಿಸಿದ್ದೇವೆ.